ಹನ್ನೊಂದು ಸೆಕೆಂಡು

ಮಂದಾರ ಆರೈಕೆ ಮನೆಗೆ ಜೋಡಿಪಟ್ಟಿ ಬಂದ ಮೂರನೆಯ ದಿನ ಗುರುಸಿದ್ದಪ್ಪಜ್ಜನ ಹಲ್ಲುನೋವು ಪತ್ತೆಯಾಯಿತು.

ಪಾರ್ಶ್ವವಾಯು ಬಡಿದು ಅಜ್ಜನ ಮಾತು ನಿಂತು ಎರಡು ವರ್ಷವಾಗಿತ್ತು. ಐದು ದಿನಗಳಿಂದ ಚಮಚ ಬಾಯಿಯ ಹತ್ತಿರ ಬಂದರೆ ಸಾಕು, ಅವನ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಕಾಲ ಹತ್ತಿರ ಬಂತೆಂದುಕೊಂಡು ಗದಗಿನಲ್ಲಿದ್ದ ಮಗನಿಗೆ ಫೋನೂ ಹೋಗಿತ್ತು. ಅಂದು ಮಧ್ಯಾಹ್ನ ನುಚ್ಚು ಮಜ್ಜಿಗೆ ಉಣಿಸುತ್ತಿದ್ದ ಕಸ್ತೂರಿ ಹಡಪದಳ ಮಣಿಕಟ್ಟಿನ ಪಟ್ಟಿ ಒಮ್ಮೆ ಬಿಗಿಯುತ್ತಿತ್ತು, ಒಮ್ಮೆ ಸಡಿಲಾಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಗಮನಿಸಿದಳು. ತುತ್ತು ಎಡದವಡೆಗೆ ಹೋದಾಗ ಬಿಗಿ, ಬಲಕ್ಕೆ ಹೋದಾಗ ಸಡಿಲು. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರೆ ಎಡಗಡೆಯ ಒಂದು ಹಲ್ಲು ಬುಡದಲ್ಲೇ ಮುರಿದು ಒಸಡು ಬಾತಿತ್ತು. ಹಲ್ಲಿನ ವೈದ್ಯರು ಬಂದು ಹೋದ ಮರುದಿನ ಅಜ್ಜ ಎರಡು ಬಟ್ಟಲು ನುಚ್ಚು ಉಂಡು ಮೂರನೆಯದಕ್ಕೆ ಬಾಯಿ ತೆರೆದ.

ಅಲ್ಲಿಯವರೆಗೆ ಪಟ್ಟಿಯನ್ನು ಅನುಮಾನದಿಂದ ನೋಡುತ್ತಿದ್ದ ಕೆಲಸದವರೆಲ್ಲ ಅದನ್ನು ತಮಗೂ ಕೊಡಿ ಎಂದು ಕೇಳತೊಡಗಿದರು.

ಪಟ್ಟಿಗಳು ಎರಡೆರಡರ ಜೋಡಿ. ಒಂದನ್ನು ಮನೆಯ ನಿವಾಸಿಯ ತೋಳಿಗೆ ಕಟ್ಟಬೇಕು, ಇನ್ನೊಂದನ್ನು ಆರೈಕೆ ಮಾಡುವವರ ಮಣಿಕಟ್ಟಿಗೆ. ತೋಳಿನ ಪಟ್ಟಿ ನಾಡಿಬಡಿತ, ಚರ್ಮದ ಬೆವರು, ಸ್ನಾಯುಗಳ ಬಿಗಿತ ಇವನ್ನು ಓದುತ್ತದೆ. ನೋವೋ ಭಯವೋ ಏರಿದರೆ ಮಣಿಕಟ್ಟಿನ ಪಟ್ಟಿ ಯಾರೋ ಕೈ ಹಿಡಿದಂತೆ ಬಿಗಿಯುತ್ತದೆ. ಇಳಿದರೆ ಸಡಿಲಾಗುತ್ತದೆ. ಆರೈಕೆಯವರ ಸ್ವಂತ ಬಡಿತ ಇದರಲ್ಲಿ ಬೆರೆತು ಲೆಕ್ಕ ಕೆಡಬಾರದೆಂದು ಯಂತ್ರ ಅದನ್ನೂ ಓದಿ, ಬೇಡದ ಸದ್ದೆಂದು ಕಳೆದುಹಾಕುತ್ತಿತ್ತು. ಮಾತು ಕಳೆದುಕೊಂಡವರಿಗಾಗಿ ಧಾರವಾಡದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ತಯಾರಾದ ಸಾಧನ ಅದು. ಊರೂರಿಗೆ ಆರೈಕೆ ಮನೆಗಳು ಎದ್ದಿದ್ದವು, ಕೆಲಸಕ್ಕೆ ಕೈಗಳು ಸಾಲದಾಗಿದ್ದವು. ಹಾಗಾಗಿ ಪ್ರಯೋಗಕ್ಕೆಂದು ಕಲಘಟಗಿ ರಸ್ತೆಯ ಮಂದಾರಕ್ಕೆ ಇಪ್ಪತ್ತು ಜೋಡಿ ಬಂದಿದ್ದವು.

ಕಸ್ತೂರಿಗೆ ನಲವತ್ತನಾಲ್ಕು ವರ್ಷ. ಹನ್ನೊಂದು ವರ್ಷಗಳಿಂದ ಅಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಬಂದು ಮೊದಲು ಹಾಸಿಗೆಯಲ್ಲೇ ಇರುವವರನ್ನು ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ತೆಗೆಯುವುದು, ಹಿಮ್ಮಡಿ ಮೊಣಕೈಗಳಿಗೆ ಎಣ್ಣೆ ಹಚ್ಚಿ ಎಲ್ಲಾದರೂ ಕೆಂಪಾಗಿದೆಯೇ ನೋಡುವುದು. ಆಮೇಲೆ ಒಬ್ಬೊಬ್ಬರನ್ನೇ ಬಚ್ಚಲಿಗೆ ಕರೆದೊಯ್ದು ಜಳಕ ಮಾಡಿಸುವುದು. ಅವಳ ಪಾಲಿಗೆ ಒಂಬತ್ತು ಜನ, ಒಂಬತ್ತು ಗಂಟೆಯೊಳಗೆ ಮುಗಿಯಬೇಕು. ಯಾರಿಗೆ ನೀರು ಹದವಾಗಿರಬೇಕು, ಯಾರಿಗೆ ಸುಡುಸುಡು ಬೇಕು, ಯಾರು ಜಡೆ ಮುಟ್ಟಿದರೆ ಸಿಟ್ಟಾಗುತ್ತಾರೆ, ಯಾರು ತಮ್ಮ ಸೀರೆಯನ್ನು ತಾವೇ ಆರಿಸಿಕೊಳ್ಳಬೇಕು, ಎಲ್ಲವೂ ಅವಳಿಗೆ ಬಾಯಿಪಾಠ. ಕೆಲಸ ಮುಗಿಸಿ ಹೊರಗೆ ಬಂದಾಗ ಸೊಂಟ ಹಿಡಿದಿರುತ್ತಿತ್ತು. ಆದರೂ ಹಬ್ಬಕ್ಕೆ ನಾಲ್ಕು ದಿನ ರಜೆ ಹಾಕಿದರೆ ಮೂರನೆಯ ದಿನಕ್ಕೆ ಅವಳಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

ಆ ಒಂಬತ್ತು ಜನರಲ್ಲಿ ಒಬ್ಬರು ವಿಮಲಾ ದೊಡಮನಿ ಅಕ್ಕೋರು. ಮೂವತ್ತೈದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿದವರು. ಅವರ ಕಬಡ್ಡಿ ತಂಡ ಊರೂರಿಗೆ ಹೋಗಿ ಗೆದ್ದು ಬರುತ್ತಿತ್ತಂತೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ನೆನಪು ಹೋಗಿತ್ತು, ಮಾತಿನಲ್ಲಿ ನಾಲ್ಕಾರು ಶಬ್ದ ಉಳಿದಿದ್ದವು. ಕಾಲು ಮಾತ್ರ ಗಟ್ಟಿ. ಬೆಳಿಗ್ಗೆ ಅಂಗಳದಲ್ಲಿ ಹನ್ನೆರಡು ಸುತ್ತು ನಡೆಯುತ್ತಿದ್ದರು. ಕೈಯೂ ಗಟ್ಟಿ. ಬಚ್ಚಲಿನ ಬಾಗಿಲಿಗೆ ಬಂದೊಡನೆ ಮೈ ಸೆಟೆದು ಹೊಡೆಯಲು ಸುರುಮಾಡುತ್ತಿದ್ದರು. ಯಲ್ಲೂಬಾಯಿ ಎಂಬ ಇನ್ನೊಬ್ಬ ಕೆಲಸದವಳ ಬೆರಳು ಉಳುಕಿತ್ತು. ಕಸ್ತೂರಿಯ ಕಣ್ಣಿನ ಕೆಳಗೆ ಹಸಿರುಗಟ್ಟಿತ್ತು. ವಾರಗಟ್ಟಲೆ ಜಳಕವಿಲ್ಲದೆ ಅಕ್ಕೋರ ಮೈಯ ಮಡಿಕೆಗಳಲ್ಲಿ ಹುಣ್ಣಾಗತೊಡಗಿತ್ತು.

ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟರು. ಸೋಮವಾರ ಜಳಕಕ್ಕೆ ಅರ್ಧ ಗಂಟೆ ಮೊದಲು ಅದನ್ನು ಕೊಟ್ಟಾಗ ಅಕ್ಕೋರು ಹೊಡೆಯಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ಕಣ್ಣೂ ತೆರೆಯಲಿಲ್ಲ. ಎದ್ದ ಮೇಲೆ ಮೂರು ದಿನ ಗೋಡೆ ಹಿಡಿದು ನಡೆದರು.

ಮೇಲ್ವಿಚಾರಕಿ ಪ್ರಭಾವತಿ ಅಂಗಡಿ ಕಸ್ತೂರಿಯನ್ನು ಕರೆದು ಹೇಳಿದರು. "ಇನ್ನೊಂದು ತಿಂಗಳು ನೋಡೂಣು. ಆಗಲಿಲ್ಲಂದ್ರ ದಿನಾ ಗುಳಗಿ ಕೊಡಬೇಕಾಗ್ತದ, ಇಲ್ಲಾ ಬೆಳಗಾವಿಯ ಬಂದ್ ವಾರ್ಡಿಗೆ ಕಳಿಸಬೇಕಾಗ್ತದ. ನನಗೂ ಬ್ಯಾರೆ ದಾರಿ ಕಾಣವಲ್ದು."

"ದಿನಾ ಗುಳಗಿ ಕೊಟ್ರ ಆಕಿ ನಡಿಯೂದು ನಿಂತ ಹೋಗ್ತದ್ರಿ, ಮೇಡಮ್."

"ನನಗೂ ಗೊತ್ತದ ಕಸ್ತೂರಿ. ಅದಕ್ಕ ಒಂದು ತಿಂಗಳು ಅಂದೆ."

ಅಕ್ಕೋರ ತೋಳಿಗೂ ಜೋಡಿಪಟ್ಟಿ ಕಟ್ಟಿದರು. ಮೊದಲ ದಿನವೇ ಕಸ್ತೂರಿ ಬೆಚ್ಚಿದಳು. ಕೋಣೆಯಲ್ಲಿ ಬಟ್ಟೆ ಬಿಚ್ಚುವಾಗ, ಪಡಸಾಲೆ ದಾಟುವಾಗ ಪಟ್ಟಿ ಸಡಿಲಾಗಿಯೇ ಇತ್ತು. ಬಚ್ಚಲಿನ ಹೊಸ್ತಿಲ ಮುಂದೆ ಬಂದದ್ದೇ ತಡ, ಬೆರಳು ಜೋಮುಗಟ್ಟುವಷ್ಟು ಬಿಗಿಯಿತು. ಇಷ್ಟೊಂದು ಹೆದರಿಕೆಯನ್ನು ಈಕೆ ದಿನವೂ ಹೊತ್ತುಕೊಂಡು ಇಲ್ಲಿ ನಿಲ್ಲುತ್ತಿದ್ದಳೇ ಎಂದು ಅವಳಿಗೆ ಅಳು ಬಂತು. ಹಿಂದಿನಿಂದ ಅಕ್ಕೋರ ಕೈ ಬೀಸಿ ಬಂತು. ಅವಳು ತಪ್ಪಿಸಿಕೊಳ್ಳಲಿಲ್ಲ.

ನೀರು ಬಿಸಿ ಮಾಡಿ ನೋಡಿದರು, ತಣ್ಣಗೆ ಮಾಡಿ ನೋಡಿದರು. ಶವರ್ ಬಿಟ್ಟು ತಂಬಿಗೆ ಹಿಡಿದರು. ಕನ್ನಡಿ ತೆಗೆದರು. ನೆಲಕ್ಕೆ ಹಾಸು ಹಾಕಿದರು. ಹೊಸ್ತಿಲ ಮುಂದೆ ಪಟ್ಟಿ ಬಿಗಿಯುವುದು ತಪ್ಪಲಿಲ್ಲ.

ಎರಡು ವಾರವಾದ ಮೇಲೆ ಪಟ್ಟಿಯನ್ನು ಮಾಡಿದ ಇಂಜಿನಿಯರ್ ಅಲ್ತಾಫ್ ನದಾಫ್ ಕಸ್ತೂರಿಗೆ ಫೋನ್ ಮಾಡಿದ. ಮೂವತ್ತೊಂದರ ಹುಡುಗ. ಅವನ ನಾನಿ, ಅಂದರೆ ತಾಯಿಯ ತಾಯಿ, ಕೊನೆಯ ಆರು ತಿಂಗಳು ಎಲ್ಲಿ ನೋಯುತ್ತಿದೆ ಎಂದು ಹೇಳಲಾಗದೆ ಹೋಗಿದ್ದಳು. ಅಲ್ಲಿಂದ ಸುರುವಾದ ಕೆಲಸ ಇದು ಎಂದು ಒಮ್ಮೆ ಹೇಳಿದ್ದ.

"ಅಕ್ಕಾರ, ದೊಡಮನಿ ಅಕ್ಕೋರ ಗ್ರಾಫ್ ನನಗ ತಿಳಿವಲ್ದು. ನಿಮ್ಮ ರಜಾ ದಿವಸ ಒಂದು ತಾಸು ಲ್ಯಾಬಿಗೆ ಬರ್ತೀರೇನು?"

ಕಾಲೇಜಿನ ಹಿಂದುಗಡೆಯ ಹಳೆಯ ಬಡಗಿ ಕೆಲಸದ ಶೆಡ್ಡೇ ಅವನ ಲ್ಯಾಬು. ಎಲ್ಲ ಕಡೆ ತಂತಿ, ಬಿಚ್ಚಿದ ಪಟ್ಟಿಗಳು, ಒಂದು ಸ್ಟವ್. ಅಲ್ತಾಫ್ ಅವಳಿಗೆ ಕುರ್ಚಿ ಕೊಟ್ಟು, ಚಹಾ ಮಾಡಿಕೊಟ್ಟು, ಪರದೆಯ ಮೇಲೆ ಒಂದು ನೀಲಿ ಗೆರೆ ತೋರಿಸಿದ. ಸಪಾಟಾಗಿ ಬಂದ ಗೆರೆ ಒಂದು ಕಡೆ ಗುಡ್ಡದಂತೆ ಏರಿತ್ತು.

"ಇದು ಅಕ್ಕೋರು. ಇದು ಬಚ್ಚಲಿನ ಹೊಸ್ತಿಲು. ನೀರು ಬೀಳೂಕಿಂತ ಮೊದಲs ಏರ್ತದ. ನೋವಿಲ್ಲ, ಚಳಿ ಇಲ್ಲ. ಇಂಥಾದ್ದಕ್ಕ ನಾವು ಅಕಾರಣ ಭಯ ಅಂತ ಹೆಸರು ಕೊಟ್ಟು, ಪಟ್ಟಿ ಅದನ್ನ ಲೆಕ್ಕಕ್ಕ ತಗೋಬಾರದಂತ ಕಲಿಸ್ತೀವಿ. ಇಲ್ಲಂದ್ರ ನಿಮಗ ಸುಮ್ಮ ಸುಮ್ಮನ ತ್ರಾಸು."

"ಕಾರಣ ಇಲ್ದ ಯಾರು ಅಂಜತಾರ್ರಿ ಸರ? ನಮಗ ಕಾರಣ ಗೊತ್ತಿಲ್ಲ ಅನ್ರಿ."

ಅಲ್ತಾಫ್ ಪೆನ್ನು ಕಚ್ಚಿದ. "ಅದೂ ಖರೇನ. ತಡೀರಿ, ಏನೇನು ಕಳದು ಹಾಕೀವಿ ಅದನ್ನೆಲ್ಲಾ ವಾಪಸ್ ಹಾಕಿ ನೋಡೂಣು."

ಅವನು ಏನೇನೋ ಒತ್ತಿದ. ನೀಲಿ ಗೆರೆಯ ಜೊತೆಗೆ ಒಂದು ಕೆಂಪು ಗೆರೆ ಮೂಡಿತು. ಅದರಲ್ಲೂ ಅದೇ ಆಕಾರದ ಗುಡ್ಡ. ಆದರೆ ಸ್ವಲ್ಪ ಎಡಕ್ಕೆ, ಅಂದರೆ ಸ್ವಲ್ಪ ಮೊದಲು. ಹದಿನಾಲ್ಕು ದಿನಗಳ ಗ್ರಾಫನ್ನು ಒಂದರ ಕೆಳಗೊಂದು ಇಟ್ಟ. ಎಲ್ಲದರಲ್ಲೂ ಕೆಂಪು ಮೊದಲು, ನೀಲಿ ಆಮೇಲೆ. ನಡುವಿನ ಅಂತರ ಹತ್ತೋ ಹನ್ನೆರಡೋ ಸೆಕೆಂಡು. ಸರಾಸರಿ ಹನ್ನೊಂದು.

"ಕೆಂಪು ಯಾರದು?" ಎಂದು ಕಸ್ತೂರಿ ಕೇಳಿದಳು.

ಅಲ್ತಾಫ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮದು."

ಅವಳು ಚಹಾದ ಲೋಟ ಕೆಳಗಿಟ್ಟಳು.

"ಬ್ಯಾರೇದವರು ಕರಕೊಂಡು ಹೋದಾಗೂ ಒಂದು ಸಣ್ಣ ಏರು ಅದ," ಎಂದು ಅಲ್ತಾಫ್ ಅವಸರದಿಂದ ಹೇಳಿದ. "ಎಲ್ಲಾರೂ ಗಡಿಬಿಡಿಯೊಳಗ ಇರ್ತಾರ, ಹೊಡೀತಾರಂತ ಅಂಜಿಕಿನೂ ಇರ್ತದ. ಆದರ ನಿಮ್ಮಷ್ಟು ಎತ್ತರದ್ದು ಯಾರದೂ ಇಲ್ಲ. ಅದೂ ಬರೇ ಬಚ್ಚಲದಾಗ. ಉಣಸೂ ಮುಂದ, ಬಟ್ಟಿ ಹಾಕೂ ಮುಂದ ನಿಮ್ಮ ಗೆರಿ ಇಡೀ ಮಂದಾರದೊಳಗ ಎಲ್ಲಾರಕಿಂತ ಸಪಾಟು ಅದ."

"ಅಂದ್ರ ಅಕ್ಕೋರಿಗೆ ಅಂಜಿಕಿ ಹಚ್ಚಾಕಿ ನಾನs."

"ನಿಮ್ಮ ಕೈಯಿಂದ ಅವರಿಗೆ ತಿಳೀತದ. ಮಾತು ಹೋದ ಮ್ಯಾಲೆ ಅವರಿಗೆ ಉಳಿದದ್ದು ಅದೊಂದs ಅಲ್ಲೇನ್ರಿ. ಪಟ್ಟಿ ಇಲ್ಲದಾಗೂ ಹಿಂಗs ನಡದಿರಬೇಕು."

ಅಲ್ತಾಫ್ ಧ್ವನಿ ತಗ್ಗಿಸಿದ. ಶನಿವಾರ ಪ್ರಭಾವತಿ ಮೇಡಂಗೆ ವರದಿ ಕೊಡಬೇಕಿತ್ತು. ಕಳೆದುಹಾಕಿದ ಗೆರೆಯನ್ನು ಎಂದಾದರೂ ತೆಗೆದು ನೋಡಿದಾಗ ಅದು ಒಂದು ಮಿತಿ ದಾಟಿದ್ದು ಕಂಡರೆ ಆ ಕೆಲಸದವರನ್ನು ನಿವಾಸಿಗಳಿಂದ ದೂರ, ಅಡಿಗೆಗೋ ಬಟ್ಟೆ ಒಗೆಯುವುದಕ್ಕೋ ಹಾಕಬೇಕೆಂದು ಪ್ರಯೋಗದ ನಿಯಮವಿತ್ತು. ಆ ನಿಯಮ ಬರೆಯುವಾಗ ಅವನೂ ಸಹಿ ಹಾಕಿದ್ದ.

"ಕೆಂಪು ಗೆರಿ ನಾ ಅಳಿಸಿಬಿಡ್ತೀನಿ, ಅಕ್ಕಾರ. ಮೊದಲಿಂದನೂ ಅದನ್ನ ಕಳದs ಹಾಕ್ತಿದ್ವಿ. ಯಾರೂ ಕೇಳೂದಿಲ್ಲ."

"ಅಳಿಸಿದ್ರ ಅಕ್ಕೋರದು ಏನಾಗ್ತದ?"

"ಅಕಾರಣ ಭಯ ಅಂತ ಉಳೀತದ."

"ಅಂದ್ರ ಗುಳಗಿ."

ಅಲ್ತಾಫ್ ಪರದೆ ಆರಿಸಿದ.

"ಶುಕ್ರವಾರದ ತನಕ ಏನೂ ಮಾಡಬ್ಯಾಡ್ರಿ," ಎಂದು ಹೇಳಿ ಕಸ್ತೂರಿ ಎದ್ದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಗಂಡ ಲಾರಿ ತೆಗೆದುಕೊಂಡು ಸೊಲ್ಲಾಪುರದ ಕಡೆ ಹೋಗಿದ್ದ. ಅತ್ತೆ ನೀಲವ್ವ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಮೂವತ್ತು ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿದು ಅವಳ ಭುಜ ಒಂದು ಕಡೆ ವಾಲಿತ್ತು. ಮಾತು ಕಡಿಮೆ. ಸೊಸೆ ಬಂದು ಪಕ್ಕದಲ್ಲಿ ಕುಳಿತು ಸೊಪ್ಪಿಗೆ ಕೈ ಹಾಕದೆ ಇದ್ದದ್ದನ್ನು ನೋಡಿ, "ಏನಾತು?" ಎಂದಳು.

ಎರಡು ವರ್ಷಗಳಿಂದ ಯಾರಿಗೂ ಹೇಳದ್ದನ್ನು ಕಸ್ತೂರಿ ಹೇಳಿದಳು.

ಸರೋಜಕ್ಕ ಪಾಟೀಲ ಎಂಬ ನಿವಾಸಿ ಇದ್ದರು. ಬಾಯಿತುಂಬ ನಗುವ ಹೆಂಗಸು. ಅಂದು ಬೆಳಿಗ್ಗೆ ಕಸ್ತೂರಿಯ ಸರತಿಯಲ್ಲಿ ಅವರದು ಏಳನೆಯ ಜಳಕ. ಸ್ಟೂಲಿನಿಂದ ಎಬ್ಬಿಸಿ ನಿಲ್ಲಿಸಿದ್ದಳು, ಬಲಗೈ ಅವರ ರಟ್ಟೆಯ ಮೇಲಿತ್ತು. ಆಫೀಸಿನಿಂದ ಗಂಟೆ ಬಾರಿಸಿತು. ಮೂರು ಸಲ, ಅಂದರೆ ತಕ್ಷಣ ಬಾ ಎಂದು. ಅವಳು ಬಾಗಿಲ ಕಡೆ ತಿರುಗಿ, ಬಂದೆ ಎಂದು ಕೂಗಿದಳು. ಆ ಒಂದು ಕ್ಷಣ ಕೈ ಸಡಿಲಾಯಿತು. ಸರೋಜಕ್ಕನ ಸೊಂಟದ ಎಲುಬು ಮುರಿಯಿತು. ಆರು ವಾರ ಆಸ್ಪತ್ರೆಯಲ್ಲಿ ಸರಿಯಾಗಿ ಎಚ್ಚರವಿಲ್ಲದೆ ಇದ್ದು ತೀರಿಕೊಂಡರು. ವರದಿಯಲ್ಲಿ, ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರು ಎಂದು ಬರೆದಿತ್ತು. ಕಸ್ತೂರಿಯ ಕೈ ಆಗ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

"ಅವತ್ತಿಂದ ಆ ಹೊಸ್ತಿಲ ದಾಟೂ ಮುಂದ ನನ್ನ ಎದಿ ಹಾರತದ, ಅತ್ತಿ. ನನಗs ಗೊತ್ತಿರಲಿಲ್ಲ ಅಷ್ಟು ಅಂತ. ಯಂತ್ರ ತೋರಿಸ್ತು."

ನೀಲವ್ವ ಸೊಪ್ಪಿನ ಕಟ್ಟು ಮುಗಿಸಿ ಕೇಳಿದಳು.

"ಆಕಿ ಬೀಳೂ ಹೊತ್ತಿಗೆ ನಿನ್ನ ಕೈಯಾಗ ಎಷ್ಟು ಮಂದಿ ಇದ್ರು?"

"ಒಂಬತ್ತು."

"ಎಷ್ಟೊತ್ತಿನಾಗ?"

"ಎರಡು ತಾಸಿನಾಗ."

"ಹಂಗಾದ್ರ ಹೇಳೂದಾದ್ರ ಎರಡೂ ಹೇಳು. ಕೈ ಬಿಟ್ಟಿದ್ದೂ ಹೇಳು, ಒಂಬತ್ತು ಅನ್ನೂದೂ ಹೇಳು. ಬರೇ ಒಂದು ಹೇಳಿದ್ರ ಸುಳ್ಳು ಹೇಳಿದಂಗ ಆಗ್ತದ." ಅವಳು ಮೊರ ಎತ್ತಿಕೊಂಡು ಒಳಗೆ ಹೋಗುತ್ತ ತಿರುಗಿದಳು. "ಬಟ್ಟಿ ಒಗಿಯಾಕ ಹಾಕಿದ್ರ ಒಗಿ. ಅದೇನು ಸಣ್ಣ ಕೆಲಸಲ್ಲ. ಆದರ ಆ ಅಕ್ಕೋರಿಗೆ ನಿದ್ದಿ ಗುಳಗಿ ನುಂಗಿಸಿ ನೀ ಇಲ್ಲಿ ಬಂದು ರೊಟ್ಟಿ ತಿಂತೀ ಅಂದ್ರ ಅದು ನಿನ್ನ ಮೈಗೆ ಹತ್ತೂದಿಲ್ಲ."

ಶುಕ್ರವಾರ ಹನ್ನೊಂದು ಗಂಟೆಗೆ ಅಲ್ತಾಫ್ ತನ್ನ ಪರದೆಯನ್ನು ಪ್ರಭಾವತಿ ಮೇಡಂ ಮೇಜಿನ ಮೇಲೆ ಇಟ್ಟ. ಎರಡೂ ಗೆರೆ ಅದರಲ್ಲಿದ್ದವು. ಅವನು ಹೊಸ್ತಿಲಿನ ಲೆಕ್ಕ, ಹನ್ನೊಂದು ಸೆಕೆಂಡಿನ ಲೆಕ್ಕ ವಿವರಿಸಿದ. ಕೆಂಪು ಗೆರೆಯ ಕಾರಣ ತಾನು ಹೇಳುತ್ತೇನೆ ಎಂದು ಕಸ್ತೂರಿ ನಿಂತುಕೊಂಡೇ ಸುರು ಮಾಡಿದಳು. ಕೈ ಎಲ್ಲಿತ್ತು, ಯಾವಾಗ ಸಡಿಲಾಯಿತು, ಅಂದು ಎಷ್ಟು ಜನರಿದ್ದರು, ಒಂದನ್ನೂ ಬಿಡಲಿಲ್ಲ.

ಪ್ರಭಾವತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಇಲ್ಲಿಗೆ ಬಂದವರು. ಯಾರ ಮುಂದೆಯೂ ಮುಖದ ಗಂಟು ಬಿಚ್ಚಿದವರಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಗಂಟಿ ಬಾರಿಸಿದಾಕಿ ನಾನು, ಕಸ್ತೂರಿ."

ಕಸ್ತೂರಿಗೆ ಮೊದಲು ಅರ್ಥವಾಗಲಿಲ್ಲ.

"ತಪಾಸಣೆ ಕಮಿಟಿಯವರು ಬಂದು ಕುಂತಿದ್ರು. ಹೊಸಾ ಚಹಾ ಕಪ್ಪು ಎಲ್ಲಿ ಇಟ್ಟೀರಿ ಅಂತ ಕೇಳಲಿಕ್ಕೆ ಬಾರಿಸಿದೆ. ಮೂರು ಸಲ. ಆಮ್ಯಾಲೆ ನಿನ್ನ ಕೂಗು, ಅದರ ಹಿಂದ ಬಿದ್ದ ಸಪ್ಪಳ. ಎರಡೂ ಕೇಳಿಸ್ತು. ಕಾಲು ಜಾರಿ ಅಂತ ಬರದಾಕಿನೂ ನಾನs. ನಿನ್ನ ಉಳಿಸಲಿಕ್ಕೆ ಬರದೆ ಅಂತ ನನಗ ನಾನು ಹೇಳಿಕೊಂಡೆ. ನನ್ನನ್ನ ಉಳಿಸಿಕೊಳ್ಳಲಿಕ್ಕೆ ಬರದದ್ದು."

ಅಲ್ತಾಫ್ ಹೊರಗೆ ಹೋಗಲೇ ಎಂಬಂತೆ ಎದ್ದ. ಮೇಡಂ ಅವನನ್ನು ಕೂರಿಸಿದರು. ನಂತರದ ಒಂದು ತಾಸು ಮೂವರೂ ಮಾತಾಡಿದರು. ಅಳು ಬಂತು, ಸಿಟ್ಟೂ ಬಂತು. ಎರಡು ವರ್ಷ ನೀವು ಸುಮ್ಮನಿದ್ದಿರಿ, ನಾನು ದಿನವೂ ಆ ಬಚ್ಚಲಿಗೆ ಹೋಗುತ್ತಿದ್ದೆ ಎಂದು ಕಸ್ತೂರಿ ಹೇಳಿದಳು.

ಮಧ್ಯಾಹ್ನದ ಊಟದ ಮೊದಲೇ ಪ್ರಭಾವತಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಬಚ್ಚಲಿನ ಕಡೆಯ ಗಂಟೆ ಕೀಳಿಸಿದರು. ಎಲ್ಲರಿಗೂ ದಿನವೂ ಬೆಳಿಗ್ಗೆಯೇ ಜಳಕವಾಗಬೇಕೆಂಬ ಪದ್ಧತಿ ನಿಂತಿತು. ಯಾರಿಗೆ ದಿನ ಬಿಟ್ಟು ದಿನ ಸಾಕೋ ಅವರಿಗೆ ಹಾಗೆ, ಯಾರಿಗೆ ಮಧ್ಯಾಹ್ನ ಹಿತವೋ ಅವರಿಗೆ ಮಧ್ಯಾಹ್ನ. ಒಬ್ಬರ ಪಾಲಿಗೆ ಬೆಳಿಗ್ಗೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಎಬ್ಬಿಸಿ ನಿಲ್ಲಿಸಬೇಕಾದವರಿಗೆ ಇಬ್ಬರು ಇರಬೇಕು. ಒಂಬತ್ತು ಗಂಟೆಗೆ ಬರುವ ಸಂಬಂಧಿಕರಿಗೆ ಕೆಲವರು ಇನ್ನೂ ಹಳೆಯ ಬಟ್ಟೆಯಲ್ಲೇ ಕಾಣಿಸುತ್ತಾರಲ್ಲ ಎಂದು ಯಾರೋ ಕೇಳಿದರು. ಕಾಣಲಿ ಎಂದರು ಮೇಡಂ.

ಅಲ್ತಾಫ್ ಪಟ್ಟಿಯನ್ನು ಬದಲಿಸಿದ. ಇನ್ನು ಮುಂದೆ ಅದು ಆರೈಕೆಯವರ ಗೆರೆಯನ್ನು ಕಳೆದುಹಾಕುವುದಿಲ್ಲ. ಅವರ ಬಡಿತ ಏರತೊಡಗಿದರೆ ಮಣಿಕಟ್ಟಿನ ಒಳಬದಿಗೆ ಮೆಲ್ಲಗೆ ಎರಡು ಸಲ ತಟ್ಟುತ್ತದೆ.

"ನಿಮ್ಮ ಅಂಜಿಕಿ ಅವರನ್ನ ಮುಟ್ಟೂಕಿಂತ ಹನ್ನೊಂದು ಸೆಕೆಂಡು ಮೊದಲ ನಿಮಗ ಗೊತ್ತಾಗ್ತದ," ಎಂದ. "ಅಷ್ಟರೊಳಗ ನಿಂತುಬಿಡ್ರಿ. ಮತ್ತ ಒಂದು ಮಾತು, ನಿಮ್ಮ ಗೆರಿ ನಿಮ್ಮ ಕೈಯಾಗs ಉಳೀತದ. ಆಫೀಸಿಗೆ ಹೋಗೂದಿಲ್ಲ. ಆ ನಿಯಮ ಬರೀಬಾರದಾಗಿತ್ತು ನಾನು." ಪ್ರಯೋಗಕ್ಕೆ ಹಣ ಕೊಟ್ಟವರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಪ್ರಭಾವತಿ ಎರಡು ಪುಟದ ಪತ್ರ ಬರೆದರು. ಕೊನೆಗೆ, ಮಂದಾರದಲ್ಲಿ ಮಾತ್ರ, ಮೂರು ತಿಂಗಳು ಎಂದು ಒಪ್ಪಿಗೆ ಬಂತು.

ಒಪ್ಪಿಗೆ ಬಂದ ಮರುವಾರ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕಸ್ತೂರಿ ಅಕ್ಕೋರನ್ನು ಕರೆದುಕೊಂಡು ಹೊರಟಳು. ಹಿಂದೆ ಯಲ್ಲೂಬಾಯಿ ಟವೆಲ್ ಹಿಡಿದು ಬಂದಳು. ಹೊಸ್ತಿಲಿಗೆ ನಾಲ್ಕು ಹೆಜ್ಜೆ ಇರುವಾಗ ಮಣಿಕಟ್ಟಿಗೆ ಎರಡು ಸಲ ತಟ್ಟಿತು. ಕಸ್ತೂರಿ ನಿಂತಳು. ಉಸಿರು ಎಳೆದುಕೊಂಡಳು, ಬಿಟ್ಟಳು. ಇನ್ನೂ ತಟ್ಟುತ್ತಲೇ ಇತ್ತು. ಅಷ್ಟರಲ್ಲಿ ಪಟ್ಟಿ ಬಿಗಿಯಿತು, ಅಕ್ಕೋರ ಕೈ ಬಂದು ಅವಳ ಕಿವಿಗೆ ಬಿತ್ತು. ಮೂವರೂ ಹಿಂದಿರುಗಿ ಅಂಗಳದಲ್ಲಿ ಎರಡು ಸುತ್ತು ನಡೆದರು. ಅಂದು ಜಳಕ ಇಲ್ಲ.

ಗುರುವಾರವೂ ಇಲ್ಲ. ಅಂದು ಹೊಸ್ತಿಲ ತನಕ ಹೋಗಿ, ಹೊರಗೇ ಎರಡು ಕುರ್ಚಿ ಹಾಕಿ, ಬಕೆಟ್ಟಿನ ಬಿಸಿನೀರಲ್ಲಿ ಅಕ್ಕೋರ ಪಾದ ತೊಳೆದಳು. ಪಟ್ಟಿ ಸಡಿಲಾಗಿಯೇ ಇತ್ತು.

ಶನಿವಾರ ಹೊಸ್ತಿಲ ಮುಂದೆ ಮತ್ತೆ ತಟ್ಟಿತು. ಕಸ್ತೂರಿ ನಿಂತಳು. ಸರೋಜಕ್ಕ ಬಿದ್ದ ಜಾಗ ಅಲ್ಲಿಂದ ಕಾಣುತ್ತಿತ್ತು, ನಲ್ಲಿಯ ಕೆಳಗಿನ ಮೂರನೆಯ ಹಾಸುಗಲ್ಲು. ಎರಡು ವರ್ಷ ಅವಳು ಆ ಕಲ್ಲಿನ ಕಡೆ ನೋಡದೆ ಕೆಲಸ ಮಾಡಿದ್ದಳು. ಈಗ ನೋಡಿದಳು. ಕಣ್ಣು ತುಂಬಿ ಬಂದು ಮುಂದಿನದೇನೂ ಕಾಣದಾಯಿತು. ಹನ್ನೊಂದು ಸೆಕೆಂಡು ಕಳೆಯಿತು, ಇಪ್ಪತ್ತು ಕಳೆಯಿತು. ಹೊಡೆತ ಬೀಳಲಿಲ್ಲ.

ಅಕ್ಕೋರು ಅವಳ ಮುಖವನ್ನೇ ನೋಡುತ್ತಿದ್ದರು. ಆಟದ ಬಯಲಿನಲ್ಲಿ ಮೊಣಕಾಲು ತರಚಿಕೊಂಡು ಅಳುತ್ತ ನಿಂತ ಎಷ್ಟು ಹುಡುಗಿಯರನ್ನು ಆ ಕಣ್ಣುಗಳು ಕಂಡಿದ್ದವೋ. ತಮ್ಮ ರಟ್ಟೆಯ ಮೇಲಿದ್ದ ಕಸ್ತೂರಿಯ ಕೈಯನ್ನು ಬಿಡಿಸಿದರು. ಬಿಡಿಸಿ, ಅದೇ ಕೈಯನ್ನು ತಾವು ಹಿಡಿದುಕೊಂಡರು.

"ಅಂಜಬ್ಯಾಡ," ಎಂದರು. "ಬಾ."

ಅವರೇ ಮೊದಲು ಹೊಸ್ತಿಲು ದಾಟಿದರು. ಯಲ್ಲೂಬಾಯಿ ಹಿಂದಿನಿಂದ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು.

ಆ ಜಳಕಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಕ್ಕೋರು ಕಸ್ತೂರಿಯ ಕೈ ಬಿಡಲಿಲ್ಲವಾದ್ದರಿಂದ ನೀರು ಹಾಕಿದ್ದೂ ಸೋಪು ಹಚ್ಚಿದ್ದೂ ಯಲ್ಲೂಬಾಯಿ. ನಡುವೆ ಒಮ್ಮೆ ತಲೆಯ ಮೇಲೆ ನೀರು ಬಿದ್ದಾಗ ಪಟ್ಟಿ ಬಿಗಿಯಿತು, ತಾನೇ ಸಡಿಲಾಯಿತು. ಹುಣ್ಣಿಗೆ ಔಷಧ ಹಚ್ಚಿ, ಹತ್ತಿ ಸೀರೆ ಉಡಿಸಿ, ಕೂದಲು ಬಿಚ್ಚಿ ಬಿಸಿಲಿಗೆ ಕೂರಿಸಿದಾಗ ಕಸ್ತೂರಿಯೂ ಮುಡಿಯಿಂದ ಅಡಿಯವರೆಗೆ ತೊಯ್ದಿದ್ದಳು. ಆ ದಿನದ ಗ್ರಾಫ್ ನೋಡಲು ಅಲ್ತಾಫ್ ಅವಳ ಅನುಮತಿ ಕೇಳಿದ. ನೋಡಿ ಫೋನ್ ಮಾಡಿದ. ಹೊಸ್ತಿಲ ಮುಂದೆ ನೀಲಿ ಗೆರೆ ಮೊದಲು ಇಳಿದಿತ್ತು. ಕೆಂಪು ಅದರ ಹಿಂದೆ ಇಳಿದಿತ್ತು. "ಹಿಂಗೂ ಆಗ್ತದಂತ ನನಗ ಗೊತ್ತಿರಲಿಲ್ಲ, ಅಕ್ಕಾರ," ಎಂದ.

ಎಲ್ಲ ದಿನವೂ ಹಾಗಾಗಲಿಲ್ಲ. ಕೆಲವು ದಿನ ಅಕ್ಕೋರು ಹೊಡೆದರು, ಕೆಲವು ದಿನ ಪಾದ ತೊಳೆಯುವುದರಲ್ಲೇ ಮುಗಿಯಿತು. ಆದರೆ ಹುಣ್ಣು ಒಣಗಿತು. ಗುಳಿಗೆಯ ಚೀಟಿಯನ್ನು ಡಾಕ್ಟರೇ ರದ್ದು ಮಾಡಿದರು. ಹೊಸದಾಗಿ ಸೇರಿದ ಇಬ್ಬರು ಕೆಲಸದವರಿಗೆ ಕಸ್ತೂರಿ ಪಟ್ಟಿ ಕಟ್ಟಿ, ತಟ್ಟಿದಾಗ ನಿಲ್ಲುವುದನ್ನು ಕಲಿಸಿದಳು. ನಿಂತರೆ ಹೊತ್ತಾಗುತ್ತದಲ್ಲ ಎಂದು ಒಬ್ಬಳು ಕೇಳಿದಾಗ, ಆಗಲಿ, ಮೇಡಂ ಹೇಳಿದ್ದಾರೆ ಎಂದಳು.

ಒಂದು ಕೆಲಸ ಉಳಿದಿತ್ತು. ಅದನ್ನು ಮೊದಲು ಎತ್ತಿದ್ದು ಪ್ರಭಾವತಿ. ಒಂದು ಭಾನುವಾರ ಇಬ್ಬರೂ ನವಲಗುಂದದ ಬಸ್ಸು ಹತ್ತಿದರು. ಸರೋಜಕ್ಕನ ಮಗಳು ಅನಸೂಯಾ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ಕಡಲೆ ಹಸಿರಾಗಿತ್ತು.

ಅನಸೂಯಾ ಮಷಿನ್ನಿನಿಂದ ಎದ್ದು ಇಬ್ಬರನ್ನೂ ಗುರುತಿಸಿದಳು. ಕೂಡ್ರಿ ಎನ್ನಲಿಲ್ಲ. ಪ್ರಭಾವತಿ ಗಂಟೆಯದು ಹೇಳಿದರು. ಕಸ್ತೂರಿ ಕೈಯದು ಹೇಳಿದಳು. ವರದಿಯನ್ನು ತಿದ್ದಿ ಬರೆದು ತಂದಿದ್ದರು. ದೂರು ಕೊಡುವುದಾದರೆ ಕೊಡಬಹುದು, ತಾವು ಇಬ್ಬರೂ ಇದನ್ನೇ ಹೇಳುತ್ತೇವೆ ಎಂದು ಪ್ರಭಾವತಿ ಅದನ್ನು ಮೇಜಿನ ಮೇಲಿಟ್ಟರು. ಅನಸೂಯಾ ಕಾಗದ ಮುಟ್ಟಲಿಲ್ಲ. ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು.

"ನೀವು ಅಲ್ಲೇ ಇದ್ರೇನು?" ಎಂದು ಕಸ್ತೂರಿಯನ್ನು ಕೇಳಿದಳು. "ಅವ್ವ ಬಿದ್ದಾಗ?"

"ಅಲ್ಲೇ ಇದ್ದೆ."

"ಆಮ್ಯಾಲೆ?"

"ಅವರ ತಲಿ ನನ್ನ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ದೆ. ಅಂಬ್ಯುಲೆನ್ಸ್ ಬರೂ ತನಕ. ಒಣಾ ಸೀರಿ ಹೊಚ್ಚಿದ್ದೆ."

ಅನಸೂಯಾ ಸ್ಟೂಲಿನ ಮೇಲೆ ಕುಳಿತಳು. ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಮುಖ ಎತ್ತಿದಳು.

"ಬರೇ ಕಾಲು ಜಾರಿ ಬಿದ್ರು ಅಂತ ಬರದು ಕೊಟ್ಟಿದ್ರಿ. ಅದನ್ನ ಓದಿ ಓದಿ, ಒಬ್ಬಾಕೀನs ಬಿದ್ದಿದ್ದಳು, ಎಷ್ಟೊತ್ತು ಹಂಗs ಬಿದ್ದಿದ್ದಳೋ ಏನೋ, ಯಾರನ್ನ ಕರದಳೋ ಏನೋ ಅಂತ ಎರಡು ವರ್ಷ ನಾ ಅದನ್ನs ವಿಚಾರ ಮಾಡೀನ್ರಿ. ನಿಮ್ಮ ಮ್ಯಾಲೆ ಸಿಟ್ಟು ಇಲ್ಲ ಅಂತ ನಾ ಅನ್ನೂದಿಲ್ಲ. ಅದು ಅದ." ಅವಳು ಮೂಗು ಒರೆಸಿಕೊಂಡು, ಗಿರಾಕಿಗಳ ಬೆಂಚಿನ ಮೇಲಿದ್ದ ಬಟ್ಟೆಯ ಗಂಟನ್ನು ಕೆಳಗಿಳಿಸಿ ಜಾಗ ಮಾಡಿದಳು. "ಕೂಡ್ರಿ. ಅವತ್ತು ಮುಂಜಾನೆ ಎದ್ದಾಗಿಂದ ಏನೇನು ಮಾಡಿದಳು, ಏನು ತಿಂದಳು, ಎಲ್ಲಾ ಹೇಳ್ರಿ. ನನಗ ಯಾರೂ ಹೇಳಿಲ್ಲ."

ಕಸ್ತೂರಿ ಕುಳಿತಳು. ಅಂದು ಬೆಳಿಗ್ಗೆ ಸರೋಜಕ್ಕ ಒಗ್ಗರಣೆ ಹಾಕಿದ ಮಂಡಕ್ಕಿಗೆ ಹಟ ಹಿಡಿದದ್ದರಿಂದ ಸುರು ಮಾಡಿದಳು.